ಚಳ್ಳಕೆರೆ–ದುರ್ಗ–ದಾವಣಗೆರೆ ಬಸ್ ಪಯಣ: ಪದೇ ಪದೇ ಕೇಳುವ ಪ್ರಶ್ನೆಗಳು

ಚಳ್ಳಕೆರೆಯನ್ನು ಬೆಳೆಸಿದ್ದು ಎಣ್ಣೆ ಮಿಲ್ಲು. ದಾವಣಗೆರೆಯನ್ನು ಬೆಳೆಸಿದ್ದು ಹತ್ತಿ ಮಿಲ್ಲು. ಇನ್ನೊಂದು ಅರ್ಧ ಗಂಟೆ ಮುಂದೆ ಹೋದರೆ ಸಿಗುವ ಹರಿಹರವನ್ನು ಬೆಳೆಸಿದ್ದು ಯಂತ್ರ ತಯಾರಿಸುವ ಕಾರ್ಖಾನೆ. ಈ ಮಿಲ್ಲುಗಳಲ್ಲಿ ಬಹುಪಾಲು ಬಾಗಿಲು ಹಾಕಿವೆ. ಆದರೂ ಯಾವ ಮಣ್ಣು ಯಾವ ಮಿಲ್ಲನ್ನು ಹುಟ್ಟಿಸಿತು ಎಂಬುದು ಬಸ್ಸಿನ ಕಿಟಕಿಯಲ್ಲಿ ಇವತ್ತಿಗೂ ಸ್ಪಷ್ಟವಾಗಿ ಕಾಣುತ್ತದೆ. ಈ ದಾರಿಯಲ್ಲಿ ಒಮ್ಮೆ ಹೋಗಿ ಬರಬೇಕು ಅಂದುಕೊಂಡವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನೂ ಅವುಗಳಿಗೆ ಉತ್ತರವನ್ನೂ ಇಲ್ಲಿ ಕೊಟ್ಟಿದ್ದೇನೆ.

ಇದು ಪ್ರವಾಸಿಗರಿಗೆ ಅಂತಲೇ ಬಿಟ್ಟಿರುವ ಬಸ್ಸಾ?

ಅಲ್ಲ. ದಿನಾ ಶಾಲೆ-ಕಾಲೇಜಿಗೆ, ಆಸ್ಪತ್ರೆಗೆ, ಸಂತೆಗೆ, ಕೋರ್ಟಿಗೆ ಹೋಗುವವರು ಹತ್ತುವ ಮಾಮೂಲಿ ಬಸ್ಸು. ಸರ್ಕಾರಿ ಬಸ್ಸೂ ಉಂಟು, ಖಾಸಗಿ ಬಸ್ಸೂ ಉಂಟು. ಮೈಕು ಹಿಡಿದು ವಿವರಿಸುವವರು ಯಾರೂ ಇರುವುದಿಲ್ಲ. ಆ ಕೆಲಸವನ್ನು ಪಕ್ಕದ ಸೀಟಿನವರು ಮಾಡುತ್ತಾರೆ. ದಾವಣಗೆರೆ ಕಡೆಯ ಹಿರಿಯರು ಪಕ್ಕದಲ್ಲಿ ಕೂತರೆ ‘ನಿಮ್ಮ ಕಾಲಕ್ಕೆ ಮಿಲ್ಲು ನಡೀತಿತ್ತಾ ಯಜಮಾನ್ರೇ?’ ಅಂತ ಕೇಳಿ ನೋಡಿ. ಊರು ಬರುವವರೆಗೂ ಮಾತು ನಿಲ್ಲುವುದಿಲ್ಲ.

ರೈಲು ಇದೆಯಲ್ಲ, ಬಸ್ಸೇ ಯಾಕೆ?

ಭೂಪಟದಲ್ಲಿ ಚಿತ್ರದುರ್ಗ, ದಾವಣಗೆರೆ ಎರಡೂ ಹತ್ತಿರ. ರೈಲಿನಲ್ಲಿ ಮಾತ್ರ ಹತ್ತಿರವಲ್ಲ. ದುರ್ಗ, ಚಳ್ಳಕೆರೆ ಎರಡೂ ಚಿಕ್ಕಜಾಜೂರಿನಿಂದ ರಾಯದುರ್ಗ, ಬಳ್ಳಾರಿ ಕಡೆ ಹೋಗುವ ಮಾರ್ಗದಲ್ಲಿವೆ. ದಾವಣಗೆರೆ ಇರುವುದು ಬೆಂಗಳೂರು–ಹುಬ್ಬಳ್ಳಿ ಮಾರ್ಗದಲ್ಲಿ. ಹಾಗಾಗಿ ದುರ್ಗದಿಂದ ದಾವಣಗೆರೆಗೆ ರೈಲಿನಲ್ಲಿ ಹೋಗಬೇಕೆಂದರೆ ಚಿಕ್ಕಜಾಜೂರು ಸುತ್ತಿಕೊಂಡೇ ಹೋಗಬೇಕು. ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ರೈಲು ಮಾರ್ಗದ ಬೇಡಿಕೆ ಬಹಳ ಹಳೆಯದು, ಈಗ ಕಾಮಗಾರಿ ನಡೆಯುತ್ತಿದೆ. ಅದು ಮುಗಿಯುವವರೆಗೆ ಈ ಊರುಗಳ ನಡುವಿನ ಓಡಾಟವೆಲ್ಲ ಬಸ್ಸಿನ ಮೇಲೆಯೇ.

ರೈಲು ಇದ್ದಿದ್ದರೂ ನಾನು ಬಸ್ಸನ್ನೇ ಹೇಳುತ್ತಿದ್ದೆ. ರೈಲು ಊರಿನ ಬೆನ್ನು ತೋರಿಸುತ್ತದೆ, ಬಸ್ಸು ಊರೊಳಗೆ ಕರೆದೊಯ್ಯುತ್ತದೆ.

ದೂರ ಎಷ್ಟು, ಎಷ್ಟು ಹೊತ್ತು ಬೇಕು?

ಚಳ್ಳಕೆರೆಯಿಂದ ದುರ್ಗಕ್ಕೆ ಸುಮಾರು 30 ಕಿಲೋಮೀಟರ್. ದುರ್ಗದಿಂದ ದಾವಣಗೆರೆಗೆ ಸುಮಾರು 60. ಅಲ್ಲಿಂದ ಹರಿಹರಕ್ಕೆ 14ರ ಆಸುಪಾಸು. ಬರೀ ಬಸ್ಸಿನಲ್ಲಿ ಕೂರುವ ಹೊತ್ತು ಲೆಕ್ಕ ಹಾಕಿದರೆ ಮೂರು ಗಂಟೆ ಚಿಲ್ಲರೆ. ಆದರೆ ದುರ್ಗದಲ್ಲಿ ಇಳಿದು ಕೋಟೆ ನೋಡಬೇಕು, ದಾವಣಗೆರೆಯಲ್ಲಿ ಸಂಜೆ ಕಳೆಯಬೇಕು ಅಂದರೆ ಬೆಳಿಗ್ಗೆ ಬೇಗ ಹೊರಟು ಇಡೀ ದಿನವನ್ನೇ ಇದಕ್ಕೆ ಇಡಿ. ಹರಿಹರವನ್ನೂ ಸೇರಿಸುವುದಾದರೆ ರಾತ್ರಿ ದಾವಣಗೆರೆಯಲ್ಲಿ ಉಳಿಯುವುದು ಒಳ್ಳೆಯದು.

ಚಳ್ಳಕೆರೆಯಿಂದ ದಾವಣಗೆರೆಗೆ ನೇರ ಬಸ್ಸು ಹಿಡಿಯಬಹುದಲ್ಲ?

ಹಿಡಿಯಬಹುದು. ಆದರೆ ಹತ್ತುವ ಮುನ್ನ ‘ಯಾವ ಮೇಲೆ ಹೋಗುತ್ತೆ?’ ಅಂತ ಕಂಡಕ್ಟರನ್ನು ಕೇಳಿಕೊಳ್ಳಿ. ಜಗಳೂರು ಮೇಲೆ ಹೋಗುವ ದಾರಿಯೂ ಇದೆ. ಅದೂ ಚೆನ್ನಾಗಿದೆ, ಆದರೆ ಆ ದಾರಿಯಲ್ಲಿ ಹೋದರೆ ದುರ್ಗ ತಪ್ಪಿಹೋಗುತ್ತದೆ. ನನ್ನ ಸಲಹೆ: ಚಳ್ಳಕೆರೆಯಿಂದ ದುರ್ಗಕ್ಕೆ ಒಂದು ಟಿಕೆಟ್, ದುರ್ಗದಿಂದ ದಾವಣಗೆರೆಗೆ ಇನ್ನೊಂದು. ದುರ್ಗದಲ್ಲಿ ದಾವಣಗೆರೆ ಬಸ್ಸಿಗೆ ಹೆಚ್ಚು ಹೊತ್ತು ಕಾಯಬೇಕಾಗಿಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿ, ಬೆಳಗಾವಿ ಕಡೆ ಹೋಗುವ ಬಸ್ಸುಗಳೆಲ್ಲ ಇದೇ ಹೆದ್ದಾರಿಯಲ್ಲಿ ಓಡುತ್ತವೆ.

ಒಂದು ಎಚ್ಚರಿಕೆ. ದೂರದ ಊರಿನ ತಡೆರಹಿತ ಬಸ್ಸು ಹತ್ತಬೇಡಿ. ಅದು ನಡುವಿನ ಊರುಗಳನ್ನು ಮೇಲ್ಸೇತುವೆಯ ಮೇಲಿಂದಲೇ ದಾಟಿಬಿಡುತ್ತದೆ, ಸರ್ವಿಸ್ ರಸ್ತೆಗೆ ಇಳಿಯುವುದಿಲ್ಲ. ಕೈ ತೋರಿಸಿದಲ್ಲಿ ನಿಲ್ಲುವ ಬಸ್ಸೇ ಈ ಪಯಣಕ್ಕೆ ಸರಿ.

ಮಹಿಳೆಯರಿಗೆ ಉಚಿತವಾ? ಟಿಕೆಟ್ ಮುಂಚೆಯೇ ಮಾಡಿಸಬೇಕಾ?

ಸರ್ಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಉಚಿತ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯಬೇಕು. ಟಿಕೆಟ್ ತೆಗೆದುಕೊಳ್ಳದೆ ಕೂರಬೇಡಿ, ಚೆಕಿಂಗ್‌ನವರು ಬಂದರೆ ನಿಮಗೂ ಕಂಡಕ್ಟರಿಗೂ ತೊಂದರೆ. ರಾಜಹಂಸ, ಐರಾವತದಂಥ ಐಷಾರಾಮಿ ಬಸ್ಸುಗಳಿಗೆ, ಖಾಸಗಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಮುಂಗಡ ಬುಕಿಂಗ್ ಬೇಕಿಲ್ಲ. ಚಿಲ್ಲರೆ ಇಟ್ಟುಕೊಳ್ಳಿ.

ಯಾವ ಕಡೆ ಕೂರಬೇಕು?

ದುರ್ಗದಿಂದ ದಾವಣಗೆರೆಗೆ ಬೆಳಿಗ್ಗೆ ಹೊರಟರೆ ಎಡಗಡೆ. ಆಗ ಬಿಸಿಲು ಬಲಗಡೆ ಬೀಳುತ್ತದೆ, ಊರು ಬಿಡುವಾಗ ಕೋಟೆಬೆಟ್ಟದ ಸಾಲೂ ಎಡಕ್ಕೇ ಇರುತ್ತದೆ. ಮಧ್ಯಾಹ್ನದ ಮೇಲೆ ಹೊರಟರೆ ಬಿಸಿಲು ಎಡಕ್ಕೆ ತಿರುಗುತ್ತದೆ. ಆಗ ಬೆಟ್ಟ ಬೇಕೋ ನೆರಳು ಬೇಕೋ ನೀವೇ ತೀರ್ಮಾನಿಸಿ. ಹಿಂದಿನ ಚಕ್ರದ ಮೇಲಿನ ಸೀಟು ಬೇಡ. ಮುಂಭಾಗದ ಮಹಿಳೆಯರ ಸೀಟುಗಳನ್ನು ಅವರಿಗೇ ಬಿಡಿ.

ಚಳ್ಳಕೆರೆಯಿಂದಲೇ ಯಾಕೆ ಶುರುಮಾಡಬೇಕು? ಅಲ್ಲಿ ಏನಿದೆ?

ಚಳ್ಳಕೆರೆಗೆ ಎಣ್ಣೆ ನಗರಿ ಅಂತ ಹೆಸರು. ಎರಡನೇ ಬಾಂಬೆ ಅಂತಲೂ ಕರೆಯುತ್ತಿದ್ದರು, ಎಣ್ಣೆ ವ್ಯಾಪಾರದಲ್ಲಿ ಮುಂಬೈ ಬಿಟ್ಟರೆ ಇದೇ ಅನ್ನುವ ಹೆಮ್ಮೆಗೆ. ಇದಕ್ಕೆ ಕಾರಣ ಸುತ್ತಲಿನ ಕೆಂಪು ಮಣ್ಣು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಇದೂ ಒಂದು. ಅಷ್ಟು ಕಡಿಮೆ ಮಳೆಗೂ ಬೆಳೆಯುವುದು ಶೇಂಗಾ. ರೈತರು ಶೇಂಗಾ ತಂದರು, ದಲಾಲಿ ಅಂಗಡಿಗಳು ಎದ್ದವು, ಅಂಗಡಿಗಳ ಹಿಂದೆಯೇ ಮಿಲ್ಲುಗಳು ಬಂದವು. ಕಾಯಿ ಒಡೆದು ಬೀಜ ಬೇರೆ ಮಾಡುವುದು, ಬೀಜವನ್ನು ಬಿಸಿ ಮಾಡಿ ಹಿಂಡುವುದು, ಎಣ್ಣೆಯನ್ನು ಡಬ್ಬಕ್ಕೆ ತುಂಬಿಸುವುದು, ಉಳಿದ ಹಿಂಡಿಯನ್ನು ದನಕ್ಕೆ ಮಾರುವುದು. ಸಿಪ್ಪೆಯೂ ವ್ಯರ್ಥವಾಗುತ್ತಿರಲಿಲ್ಲ, ಒಲೆಗೆ ಹೋಗುತ್ತಿತ್ತು. ಒಂದು ಕಾಯಿಯ ಯಾವ ಭಾಗವನ್ನೂ ಬಿಸಾಡದ ಈ ವ್ಯವಸ್ಥೆಯಲ್ಲಿ ಹಮಾಲರಿಂದ ಹಿಡಿದು ಲಾರಿ ಡ್ರೈವರುಗಳವರೆಗೆ ಸಾವಿರಾರು ಮನೆಗಳ ಒಲೆ ಉರಿಯಿತು.

ಆಮೇಲೆ ಮಳೆ ಮೇಲಿಂದ ಮೇಲೆ ಕೈಕೊಟ್ಟಿತು. 1990ರ ದಶಕದ ನಂತರ ಹೊರದೇಶದ ತಾಳೆ ಎಣ್ಣೆ ಅಗ್ಗದ ಬೆಲೆಗೆ ಬಂದು ಮಾರುಕಟ್ಟೆ ಹಿಡಿಯಿತು. ಶೇಂಗಾ ಎಣ್ಣೆ ಹಿಂಡುವುದೇ ನಷ್ಟದ ಬಾಬತ್ತಾಯಿತು, ಮಿಲ್ಲುಗಳು ಒಂದೊಂದಾಗಿ ನಿಂತವು. ಕೆಲವು ಈಗಲೂ ನಡೆಯುತ್ತಿವೆ. ನಡೆಯುವ ಮಿಲ್ಲಿನ ಮುಂದೆ ಹಾದರೆ ಹುರಿದ ಶೇಂಗಾದ ವಾಸನೆ ಬರುತ್ತದೆ, ಗೋಡೆಯ ಬುಡ ಎಣ್ಣೆ ಕುಡಿದು ಕಪ್ಪಾಗಿರುತ್ತದೆ, ಬಾಗಿಲ ಬಳಿ ಹಿಂಡಿಯ ಚೀಲಗಳ ರಾಶಿ. ಒಳಗೆ ನೋಡಬೇಕೆನಿಸಿದರೆ ಮಾಲೀಕರನ್ನೋ ಮೇಸ್ತ್ರಿಯನ್ನೋ ಕೇಳಿ.

ಚಳ್ಳಕೆರೆಯ ಕಂಬಳಿಯೂ ಹೆಸರುವಾಸಿ. ಕುರಿ ಉಣ್ಣೆಯ ಕರಿ ಕಂಬಳಿ, ಮಗ್ಗದಲ್ಲಿ ನೇಯ್ದದ್ದು. ದೊಡ್ಡ ಮಿಲ್ಲುಗಳು ನಿಂತಮೇಲೂ ಮಗ್ಗ ನಿಂತಿಲ್ಲ ಎಂಬುದನ್ನು ಗಮನಿಸಿ.

ಚಳ್ಳಕೆರೆ ಬಿಟ್ಟ ಮೇಲೆ ಕಿಟಕಿಯಲ್ಲಿ ಏನು ಕಾಣುತ್ತದೆ?

ಬಯಲು. ನಮ್ಮ ಮಲೆನಾಡಿನ ಗೆಳೆಯರು ಇದನ್ನು ಬರಡು ಅನ್ನುತ್ತಾರೆ, ನಾನು ಒಪ್ಪುವುದಿಲ್ಲ. ಕೆಂಪು ನೆಲ, ಅಲ್ಲಲ್ಲಿ ಜಾಲಿ, ದೂರದಲ್ಲಿ ಕುರಿ ಹಿಂಡು, ಮೇಲೆ ಅಡ್ಡಿಯೇ ಇಲ್ಲದ ಆಕಾಶ. ಈ ತಾಲೂಕಿನ ಅಮೃತಮಹಲ್ ಕಾವಲುಗಳು ಹುಲ್ಲುಗಾವಲುಗಳೇ ಹೊರತು ಪಾಳುಭೂಮಿಯಲ್ಲ. ದನಕುರಿಗಳಿಗೆ ಮೇವು ಕೊಟ್ಟ ನೆಲ ಅದು. ಅದರಲ್ಲೊಂದು ದೊಡ್ಡ ಭಾಗ ನಾಯಕನಹಟ್ಟಿ ಕಡೆಯ ಕುದಾಪುರದ ಸುತ್ತ ವಿಜ್ಞಾನ ಸಂಸ್ಥೆಗಳ ಪಾಲಾಗಿದೆ. ಇಸ್ರೋದ ಮರುಬಳಕೆಯ ಉಡಾವಣಾ ವಾಹನ 2023ರ ಏಪ್ರಿಲ್ 2ರಂದು ತಾನಾಗಿಯೇ ನೆಲಕ್ಕಿಳಿದದ್ದು ಅಲ್ಲಿನ ಓಡುಹಾದಿಯ ಮೇಲೆ. ಅದು ನಮ್ಮ ಬಸ್ಸಿನ ದಾರಿಯಲ್ಲಿ ಸಿಗುವುದಿಲ್ಲ.

ದುರ್ಗ ಹತ್ತಿರ ಬಂದಂತೆ ಬೆಟ್ಟಗಳ ನೆತ್ತಿಯ ಮೇಲೆ ಬಿಳಿ ಗಾಳಿಯಂತ್ರಗಳ ಸಾಲು ಶುರುವಾಗುತ್ತದೆ. ಊರಿನವರು ಇವನ್ನು ‘ಫ್ಯಾನು’ ಅನ್ನುತ್ತಾರೆ. ಆಷಾಢದ ಗಾಳಿಗೆ ಜೋರಾಗಿ ತಿರುಗುತ್ತವೆ. ಆಗ ಇಲ್ಲಿ ಮಳೆಗಿಂತ ಗಾಳಿಯೇ ಹೆಚ್ಚು.

ದುರ್ಗದಲ್ಲಿ ಇಳಿಯಲೇಬೇಕಾ? ಕೋಟೆ ಮೊದಲೇ ನೋಡಿದ್ದೇವೆ.

ನೋಡಿದ್ದರೂ ಇಳಿಯಿರಿ, ಈ ಸಲ ಬೇರೆ ಉದ್ದೇಶಕ್ಕೆ. ಏಳು ಸುತ್ತಿನ ಕೋಟೆ, ಮದಕರಿ ನಾಯಕ, ಒನಕೆ ಓಬವ್ವನ ಕಿಂಡಿ, 1779ರಲ್ಲಿ ಹೈದರಾಲಿಯ ವಶವಾದದ್ದು, ಇದೆಲ್ಲ ಶಾಲೆಯ ಮಕ್ಕಳಿಗೂ ಗೊತ್ತು. ಬಹಳ ಜನ ಬೇಗ ಬೇಗ ದಾಟಿಹೋಗುವ ಜಾಗ ಮದ್ದು ಬೀಸುವ ಕಲ್ಲಿನದು. ಕೋಟೆಯೊಳಗೆ ಕಲ್ಲು ಕಟ್ಟಿದ ಆಳದ ಗುಂಡಿಯೊಂದಿದೆ, ಅದರಲ್ಲಿ ಆಳೆತ್ತರದ ದುಂಡನೆಯ ಬೀಸುಕಲ್ಲುಗಳಿವೆ. ಮನೆಯ ರಾಗಿಕಲ್ಲನ್ನು ನೋಡಿದವರಿಗೆ ಅದರ ಗಾತ್ರ ತಕ್ಷಣ ಅರ್ಥವಾಗುತ್ತದೆ. ಕೈಯಲ್ಲಿ ತಿರುಗುವಂಥದ್ದಲ್ಲ, ಪ್ರಾಣಿಗಳನ್ನು ಕಟ್ಟಿ ತಿರುಗಿಸುತ್ತಿದ್ದರು ಅನ್ನುತ್ತಾರೆ. ಕೋವಿ-ಫಿರಂಗಿಗೆ ಬೇಕಾದ ಮದ್ದು ಇಲ್ಲಿ ತಯಾರಾಗುತ್ತಿತ್ತು. ಈ ದಾರಿಯ ಅತ್ಯಂತ ಹಳೆಯ ಮಿಲ್ಲು ಇದು ಅಂತ ನಾನು ಲೆಕ್ಕ ಹಾಕುತ್ತೇನೆ. ಗುಂಡಿಯ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ, ಕಲ್ಲಿನ ಮೈಮೇಲೆ ಕೈಯಾಡಿಸಿದಷ್ಟು ನುಣುಪು ಕಾಣುತ್ತದೆ.

ಕೋಟೆಗೆ ಬಸ್ ನಿಲ್ದಾಣದಿಂದ ಆಟೋ ಸಿಗುತ್ತದೆ. ನೀರು ತೆಗೆದುಕೊಂಡು ಹೋಗಿ. ಬಂಡೆ ಕಾಯುವ ಮೊದಲು, ಅಂದರೆ ಬೆಳಿಗ್ಗೆಯೇ ಹತ್ತಿ ಇಳಿದುಬಿಡಿ. ಬಿಡುವಿದ್ದರೆ ಗುಹೆಗಳಿರುವ ಚಂದ್ರವಳ್ಳಿಗೂ ಹೋಗಬಹುದು.

ದುರ್ಗದಿಂದ ದಾವಣಗೆರೆವರೆಗೆ ಬರೀ ಹೆದ್ದಾರಿಯಲ್ಲವೇ? ನೋಡುವಂಥದ್ದು ಏನಿದೆ?

ಹೆದ್ದಾರಿ ಹೌದು. ಹಳೆಯ ಪುಣೆ–ಬೆಂಗಳೂರು ರಸ್ತೆ, ಹಿಂದೆ ರಾಷ್ಟ್ರೀಯ ಹೆದ್ದಾರಿ 4 ಆಗಿತ್ತು, ಈಗ 48. ಊರು ಬಿಟ್ಟ ಸ್ವಲ್ಪದರಲ್ಲೇ ಸೀಬಾರದ ಹತ್ತಿರ ಎಸ್. ನಿಜಲಿಂಗಪ್ಪನವರ ಸ್ಮಾರಕ. ಏಕೀಕರಣಕ್ಕೆ ದುಡಿದು ರಾಜ್ಯದ ಮುಖ್ಯಮಂತ್ರಿಯಾದ ದುರ್ಗದ ವಕೀಲರು ಅವರು.

ಮುಂದೆ ಭರಮಸಾಗರ. ನಾಯಕರ ಕಾಲದ ದೊಡ್ಡ ಕೆರೆಯಿಂದ ಬಂದ ಹೆಸರು. ವರ್ಷಗಟ್ಟಲೆ ಒಣಗಿ ಬಿದ್ದಿದ್ದ ಆ ಕೆರೆಗೆ ಈಗ ತುಂಗಭದ್ರೆಯ ನೀರನ್ನು ಏತ ನೀರಾವರಿಯಿಂದ ತಂದು ಬಿಡುತ್ತಾರೆ. ತುಂಬಿದ ಕೆರೆಯನ್ನು ನೋಡಬೇಕೆಂದರೆ ಇಳಿಯಬೇಕು, ಹೆದ್ದಾರಿಯಿಂದ ಸರಿಯಾಗಿ ಕಾಣುವುದಿಲ್ಲ. ಇಳಿದರೆ ನಷ್ಟವಿಲ್ಲ, ಹಿಂದೆಯೇ ಇನ್ನೊಂದು ಬಸ್ಸು ಬರುತ್ತದೆ. ಸಿರಿಗೆರೆಯ ತರಳಬಾಳು ಮಠಕ್ಕೆ ಹೋಗುವವರೂ ಇದೇ ಭಾಗದಲ್ಲಿ ಇಳಿಯುತ್ತಾರೆ.

ಹೆಬ್ಬಾಳು ಟೋಲ್ ದಾಟಿದರೆ ಆನಗೋಡು. ಅಲ್ಲಿ ಹೋರಾಟದಲ್ಲಿ ಗುಂಡಿಗೆ ಬಲಿಯಾದ ರೈತರ ಸ್ಮಾರಕವಿದೆ, ಚಿಕ್ಕದೊಂದು ಮೃಗಾಲಯವೂ ಇದೆ. ಮಕ್ಕಳಿದ್ದರೆ ಅಲ್ಲಿ ಒಂದು ಗಂಟೆ ಸುಲಭವಾಗಿ ಕಳೆಯುತ್ತದೆ.

ಇದೆಲ್ಲಕ್ಕಿಂತ ನೀವು ಗಮನಿಸಬೇಕಾದ್ದು ಹೊಲಗಳನ್ನು. ದುರ್ಗದ ಸುತ್ತ ಶೇಂಗಾ, ಈರುಳ್ಳಿ. ಮುಂದೆ ಹೋದಂತೆ ಮೆಕ್ಕೆಜೋಳ, ಮತ್ತೆ ಮೆಕ್ಕೆಜೋಳ. ಮಣ್ಣಿನ ಬಣ್ಣ ಕೆಲವು ಕಡೆ ಕಪ್ಪಿಗೆ ತಿರುಗುತ್ತದೆ. ದಾವಣಗೆರೆ ದಾಟಿ ಹರಿಹರದ ಕಡೆ ತಿರುಗಿದರೆ ಭದ್ರಾ ನಾಲೆಯ ಭತ್ತದ ಗದ್ದೆ, ತೆಂಗು, ಅಡಿಕೆ. ಎರಡೂವರೆ-ಮೂರು ಗಂಟೆಯಲ್ಲಿ ಬರಗಾಲದ ಸೀಮೆಯಿಂದ ನೀರಾವರಿ ಸೀಮೆಗೆ ಬಂದಿರುತ್ತೀರಿ.

ದಾವಣಗೆರೆಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಅನ್ನುವ ಹೆಸರು ಹೇಗೆ ಬಂತು?

ಹತ್ತಿಯಿಂದ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಆಗ ಹತ್ತಿ ಬಟ್ಟೆಯ ರಾಜಧಾನಿಯಾಗಿತ್ತು. ಅಲ್ಲಿನ ಮಿಲ್ಲುಗಳಿಗೆ ಅರಳೆ ಬರುತ್ತಿದ್ದದ್ದು ಬಹುತೇಕ ಅಮೆರಿಕದಿಂದ. 1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾಗಿ ಸರಬರಾಜು ನಿಂತಾಗ ಧಾರವಾಡ ಸೀಮೆಯ ಅರಳೆಗೆ ಚಿನ್ನದ ಬೆಲೆ ಬಂತು. ಎರೆಭೂಮಿಯ ರೈತರು ಹತ್ತಿಯ ಬೆನ್ನು ಹತ್ತಿದರು. ಹತ್ತೊಂಬತ್ತನೇ ಶತಮಾನ ಮುಗಿಯುವ ಮೊದಲೇ ಬೆಂಗಳೂರಿನಿಂದ ಹರಿಹರದ ಕಡೆಗೆ ರೈಲು ಬಂತು. ಎರೆಭೂಮಿ ಒಂದು ಕಡೆ, ರೈಲು ಇನ್ನೊಂದು ಕಡೆ, ನಡುವೆ ದಾವಣಗೆರೆ.

ವ್ಯಾಪಾರ ಈ ಊರಿಗೆ ಹೊಸದೇನಲ್ಲ. ಹೈದರಾಲಿ ಈ ಊರನ್ನು ಅಪೋಜಿರಾಮ್ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ, ಅವನು ವರ್ತಕರನ್ನು ಕರೆದು ನೆಲೆಗೊಳಿಸಿದ ಎಂಬುದು ಹಳೆಯ ಗೆಜೆಟಿಯರಿನಲ್ಲಿ ದಾಖಲಾಗಿದೆ. ಆಗ ಇಲ್ಲಿನ ಹೆಸರುವಾಸಿ ಸರಕು ಕಂಬಳಿ. ಕಂಬಳಿಯ ಪೇಟೆಯೇ ಮುಂದೆ ಹತ್ತಿಯ ಪೇಟೆಯಾಯಿತು. ಮೊದಲು ಬಂದದ್ದು ಜಿನ್ನಿಂಗ್, ಪ್ರೆಸ್ಸಿಂಗ್ ಫ್ಯಾಕ್ಟರಿಗಳು, ಅಂದರೆ ಅರಳೆಯಿಂದ ಬೀಜ ಬಿಡಿಸಿ ಬೇಲು ಕಟ್ಟುವ ಕೆಲಸ. 1930ರ ದಶಕದಲ್ಲಿ ದಾವಣಗೆರೆ ಕಾಟನ್ ಮಿಲ್ಸ್ ಶುರುವಾಯಿತು. ಎಲ್ಲರ ಬಾಯಲ್ಲೂ ಡಿಸಿಎಂ. ಆಮೇಲೆ ಇನ್ನೂ ಹಲವು ಮಿಲ್ಲುಗಳು ಬಂದವು. ಊರಾಚೆ ತೋಳಹುಣಸೆಯಲ್ಲಿ ಎಲ್ಲಮ್ಮ ಮಿಲ್ಲು ಬಂತು.

ಮಿಲ್ಲಿನ ಪಾಳಿಗೆ ತಕ್ಕಂತೆ ಊರಿನ ದಿನ ನಡೆಯಿತು. ಸೈರನ್ ಕೂಗಿದಾಗ ಸೈಕಲ್ಲುಗಳ ಸಾಲು, ಪಾಳಿ ಬಿಟ್ಟಾಗ ಹೋಟೆಲುಗಳಲ್ಲಿ ಜಾಗವಿಲ್ಲ. ಕಾರ್ಮಿಕ ಸಂಘಗಳು ಗಟ್ಟಿಯಾಗಿ ಬೇರೂರಿದವು. ಮಿಲ್ ಕಾರ್ಮಿಕರ ನಡುವೆ ಬೆಳೆದ ಪಂಪಾಪತಿಯವರು ಭಾರತ ಕಮ್ಯುನಿಸ್ಟ್ ಪಕ್ಷದಿಂದ ಒಂದಕ್ಕಿಂತ ಹೆಚ್ಚು ಬಾರಿ ಇಲ್ಲಿಂದ ವಿಧಾನಸಭೆಗೆ ಹೋದರು. ಹಳಬರು ಅವರನ್ನು ಇವತ್ತಿಗೂ ‘ಕಾಮ್ರೇಡ್’ ಅಂತಲೇ ನೆನೆಯುತ್ತಾರೆ.

ಇಷ್ಟೆಲ್ಲ ಇದ್ದ ಮಿಲ್ಲುಗಳು ಯಾಕೆ ಮುಚ್ಚಿದವು?

ಒಂದೇ ಕಾರಣ ಹೇಳುವವರನ್ನು ನಂಬಬೇಡಿ. ಕಾರ್ಮಿಕರ ಮುಷ್ಕರದಿಂದಲೇ ಮುಚ್ಚಿದವು ಅನ್ನುವ ಮಾತು ಬಸ್ಸಿನಲ್ಲೂ ಕೇಳಿಬರುತ್ತದೆ, ಅದು ಅನ್ಯಾಯದ ಮಾತು. ಯಂತ್ರಗಳು ಹಳೆಯವಾದವು, ಹೊಸದಕ್ಕೆ ಬಂಡವಾಳ ಹಾಕಲಿಲ್ಲ. ಕರೆಂಟಿನ ಕೊರತೆ ಕಾಡಿತು. ಪವರ್‌ಲೂಮುಗಳು ಕಡಿಮೆ ಖರ್ಚಿನಲ್ಲಿ ಬಟ್ಟೆ ನೇಯ್ದವು, ಜನರೂ ಹತ್ತಿ ಬಿಟ್ಟು ಟೆರಿಕಾಟನ್, ಪಾಲಿಯೆಸ್ಟರ್ ಕಡೆ ಹೋದರು. ಸುತ್ತಲಿನ ರೈತರೂ ಹತ್ತಿ ಬಿಟ್ಟು ಮೆಕ್ಕೆಜೋಳ ಹಿಡಿದರು. ದೇಶದ ಉದ್ದಗಲಕ್ಕೂ ಮಿಲ್ಲುಗಳು ಇದೇ ಕಾಯಿಲೆ ಬಿದ್ದಿದ್ದವು. ರೋಗಗ್ರಸ್ತ ಜವಳಿ ಮಿಲ್ಲುಗಳನ್ನು ಉಳಿಸಲು ಕೇಂದ್ರ ಸರ್ಕಾರ 1974ರಲ್ಲಿ ರಾಷ್ಟ್ರೀಕರಣದ ಕಾಯ್ದೆ ತಂದಿತು, ತೋಳಹುಣಸೆಯ ಎಲ್ಲಮ್ಮ ಮಿಲ್ಲೂ ರಾಷ್ಟ್ರೀಯ ಜವಳಿ ನಿಗಮಕ್ಕೆ ಸೇರಿತು. ಅದರಿಂದ ಸ್ವಲ್ಪ ಕಾಲ ಉಸಿರು ಸಿಕ್ಕಿತು, ಅಷ್ಟೇ.

ಅಸಲಿ ಮ್ಯಾಂಚೆಸ್ಟರಿನಲ್ಲೂ ಅದರ ಸುತ್ತಲಿನ ಊರುಗಳಲ್ಲೂ ಹತ್ತಿ ಮಿಲ್ಲುಗಳು ಮುಚ್ಚಿ ಎಷ್ಟೋ ಕಾಲವಾಯಿತು.

ಈಗ ಆ ಮಿಲ್ಲುಗಳಲ್ಲಿ ಏನು ಉಳಿದಿದೆ? ಒಳಗೆ ಬಿಡುತ್ತಾರಾ?

ಕಟ್ಟಡಗಳಾಗಿ ಉಳಿದಿರುವುದು ಕಡಿಮೆ. ಬಹಳಷ್ಟು ಜಾಗ ಬಡಾವಣೆಗಳಾಗಿವೆ. ಡಿಸಿಎಂ ಟೌನ್‌ಶಿಪ್ ಅನ್ನುವ ಹೆಸರು ಬಸ್ಸಿನಲ್ಲೂ ಆಟೋದಲ್ಲೂ ಬಳಕೆಯಲ್ಲಿದೆ. ಆ ಮೂರು ಅಕ್ಷರದ ಅರ್ಥ ಕೇಳಿದರೆ ಕಾಲೇಜಿನ ಹುಡುಗರು ಉಪಮುಖ್ಯಮಂತ್ರಿ ಅಂದುಕೊಂಡರೂ ಆಶ್ಚರ್ಯವಿಲ್ಲ. ಬೇಲಿ ಹಾಕಿದ ಜಾಗಕ್ಕೆ ನುಗ್ಗಬೇಡಿ. ಅವು ಯಾರದೋ ಆಸ್ತಿ, ಹಳೆಯ ಗೋಡೆಗಳು ಅಪಾಯಕಾರಿಯೂ ಹೌದು.

ತೋಳಹುಣಸೆಗೆ ಹೋಗಿ ಬನ್ನಿ. ಎಲ್ಲಮ್ಮ ಮಿಲ್ಲಿದ್ದ ಊರಿನಲ್ಲೇ ಈಗ 2009ರಲ್ಲಿ ಶುರುವಾದ ದಾವಣಗೆರೆ ವಿಶ್ವವಿದ್ಯಾಲಯ ಇದೆ, ಶಿವಗಂಗೋತ್ರಿ ಆವರಣ. ಇಡೀ ದಾವಣಗೆರೆಯ ಕಥೆಯೂ ಇದೇ. ಹತ್ತಿಯ ಊರು ಕಾಲೇಜುಗಳ ಊರಾಯಿತು. ಬಾಪೂಜಿ ವಿದ್ಯಾಸಂಸ್ಥೆ 1958ರಲ್ಲಿ ಹುಟ್ಟಿತು, ಜೆಜೆಎಂ ಮೆಡಿಕಲ್ ಕಾಲೇಜು 1965ರಲ್ಲಿ, ಎಂಜಿನಿಯರಿಂಗ್ ಕಾಲೇಜು 1979ರಲ್ಲಿ. 1997ರ ಆಗಸ್ಟ್ 15ರಂದು ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾಯಿತು. ಮಿಲ್ಲುಗಳು ಕುಸಿದಾಗಲೂ ಊರು ಕುಸಿಯದೆ ನಿಂತಿತಲ್ಲ, ಅದಕ್ಕೆ ಮುಖ್ಯ ಕಾರಣ ಈ ಕಾಲೇಜುಗಳು ಮತ್ತು ಆಸ್ಪತ್ರೆಗಳು.

ಮುಚ್ಚಿದ ಮಿಲ್ಲು ನೋಡುವುದರಲ್ಲಿ ಏನಿದೆ? ಬೇಸರವಾಗುವುದಿಲ್ಲವೇ?

ಬೇಸರವಾಗುತ್ತದೆ. ಅದಕ್ಕೇ ನೋಡಬೇಕು. ಜೋಗ ನೋಡಲು ಹೋಗುತ್ತೇವೆ, ಹಂಪಿ ನೋಡಲು ಹೋಗುತ್ತೇವೆ. ಹಂಪಿಯೂ ಪಾಳುಬಿದ್ದ ಊರೇ, ಆದರೆ ಅಲ್ಲಿ ರಾಜರಿದ್ದರು ಎಂದು ಗೌರವ. ಇಲ್ಲಿ ನೂಲು ತೆಗೆದವರು, ಲಾಳಿ ಬದಲಿಸಿದವರು, ಮೂಟೆ ಹೊತ್ತವರು ಇದ್ದರು. ಹತ್ತಿಯ ನಾರು ಎದೆಗೆ ಹೋಗಿ ಕೆಮ್ಮುತ್ತಲೇ ದುಡಿದವರೂ ಇದ್ದರು. ಅವರ ಸಂಬಳದಿಂದ ಈ ಪೇಟೆ, ಟಾಕೀಸು, ಹೋಟೆಲು, ಮಕ್ಕಳ ಓದು ನಡೆದವು. ಇವರಿಗೆ ಕೋಟೆ ಕಟ್ಟಿದವರಷ್ಟೇ ಗೌರವ ಸಲ್ಲಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ. ದಾವಣಗೆರೆಗೆ ಒಂದು ಒಳ್ಳೆಯ ಮಿಲ್ ವಸ್ತುಸಂಗ್ರಹಾಲಯ ಬೇಕು. ಒಂದು ಮಗ್ಗ, ಒಂದು ಹಾಜರಿ ಪುಸ್ತಕ, ಕಾರ್ಮಿಕರ ದನಿಯಲ್ಲೇ ಅವರ ನೆನಪುಗಳು, ಇಷ್ಟಿದ್ದರೂ ಸಾಕು. ಆ ತಲೆಮಾರಿನವರು ಇರುವಾಗಲೇ ಇದು ಆಗಬೇಕು.

ದಾವಣಗೆರೆಯಲ್ಲಿ ಏನು ತಿನ್ನಬೇಕು?

ಬೆಣ್ಣೆ ದೋಸೆ ಅಂತ ನಿಮಗೇ ಗೊತ್ತು. ಗೊತ್ತಿಲ್ಲದವರಿಗೆ: ಖಾಲಿ ದೋಸೆ, ಓಪನ್ ದೋಸೆ, ಬೆಣ್ಣೆ ದೋಸೆ ಅಂತ ಬೇರೆ ಬೇರೆ ಇವೆ. ಜೊತೆಗೆ ಬಿಳಿ ಕಾಯಿ ಚಟ್ನಿ, ಖಾರವಿಲ್ಲದ ಆಲೂಗಡ್ಡೆ ಪಲ್ಯ. ಸಾಂಬಾರು ಕೇಳಬೇಡಿ. ಸೌದೆ ಒಲೆಯ ಹೋಟೆಲು ಹುಡುಕಿ. ಹಿಟ್ಟಿಗೆ ಮಂಡಕ್ಕಿಯನ್ನೂ ಹಾಕಿ ರುಬ್ಬುತ್ತಾರೆ. ಗರಿಗರಿಯ ಒಳಗಿನ ಮೆತ್ತನೆಗೆ ಅದರ ಪಾಲೂ ಇದೆ.

ಆ ಮಂಡಕ್ಕಿಯ ಮೂಲ ನೋಡಬೇಕಾದರೆ ಮಂಡಕ್ಕಿ ಭಟ್ಟಿಗಳ ಕಡೆ ಹೋಗಿ. ಆ ಭಾಗಕ್ಕೆ ಮಂಡಕ್ಕಿ ಭಟ್ಟಿ ಅಂತಲೇ ಹೆಸರು. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪುನೀರು ಬೆರೆಸಿ ಕೊನೆಗೆ ಕಾದ ಮರಳಿಗೆ ಸುರಿಯುತ್ತಾರೆ. ಸುರಿದ ಕ್ಷಣಕ್ಕೆ ಅಕ್ಕಿ ಚಟಪಟ ಅರಳಿ ಬಾಣಲೆ ತುಂಬ ಬೆಳ್ಳಗಾಗುತ್ತದೆ. ತಡಮಾಡಿದರೆ ಕಪ್ಪು, ಬೇಗ ತೆಗೆದ್ರೆ ಅರಳುವುದಿಲ್ಲ. ಜರಡಿ ಹಿಡಿದವರ ಕೈ ಅಷ್ಟು ಚುರುಕು. ಇಡೀ ದಿನ ಹೊಗೆ, ಬಿಸಿ, ಮರಳಿನ ಧೂಳಿನ ನಡುವೆ ನಿಲ್ಲುವ ಕೆಲಸ. ದೊಡ್ಡ ಮಿಲ್ಲುಗಳೆಲ್ಲ ಹೋದಮೇಲೂ ಇದೊಂದು ಕೈಕೆಲಸ ಊರಿನಲ್ಲಿ ಉಳಿದಿದೆ. ಫೋಟೋ ತೆಗೆಯುವ ಮೊದಲು ಕೇಳಿ, ಹೊರಡುವಾಗ ಒಂದೆರಡು ಸೇರು ಮಂಡಕ್ಕಿ ಕೊಂಡುಕೊಳ್ಳಿ. ಸಂಜೆ ಯಾವುದೇ ಗಾಡಿಯ ಮುಂದೆ ಖಾರ ಮಂಡಕ್ಕಿ, ಮೆಣಸಿನಕಾಯಿ ಬೋಂಡ ಸಿಗುತ್ತದೆ.

ಹರಿಹರದವರೆಗೆ ಹೋಗಲೇಬೇಕಾ?

ಸಮಯವಿದ್ದರೆ ಖಂಡಿತ. ದಾವಣಗೆರೆಯಿಂದ ಸಿಟಿ ಬಸ್ಸಿನಷ್ಟು ಸಲೀಸಾಗಿ ಬಸ್ಸುಗಳಿವೆ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ 1941ರಲ್ಲಿ ಆರಂಭವಾಯಿತು. ಲೋಹವನ್ನು ತಿರುಗಿಸುತ್ತ ದುಂಡಗೆ ಕಡೆಯುವ ಲೇತ್ ಯಂತ್ರಗಳಿಗೆ ದೇಶದಾದ್ಯಂತ ಹೆಸರು ಮಾಡಿತ್ತು, ಎಷ್ಟೋ ಕಾರ್ಖಾನೆಗಳು ಕೆಲಸ ಕಲಿತದ್ದು ಇಲ್ಲಿನ ಯಂತ್ರದ ಮೇಲೆ. ಅದರ ವಸತಿಗೆ ಇಟ್ಟ ಹೆಸರು ಯಂತ್ರಾಪುರ. ಈ ಶತಮಾನದ ಆರಂಭದ ಹೊತ್ತಿಗೆ ಕಾರ್ಖಾನೆ ನಿಂತುಹೋಯಿತು.

ತುಂಗಭದ್ರಾ ಹೊಳೆಯಾಚೆ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಇನ್ನೂ ನಡೆಯುತ್ತಿದೆ. ಆಚೆ ದಡ ಹಾವೇರಿ ಜಿಲ್ಲೆ. ಅಲ್ಲಿ ಮರದ ತಿರುಳಿನಿಂದ ಕೃತಕ ನಾರು ತಯಾರಿಸುತ್ತಾರೆ. ಹತ್ತಿಯ ದಾರ ತೆಗೆದ ಮಿಲ್ಲುಗಳು ಈಚೆ ಮುಚ್ಚಿವೆ, ಮರದಿಂದ ನಾರು ತೆಗೆಯುವ ಕಾರ್ಖಾನೆ ಆಚೆ ನಡೆದಿದೆ.

ಹರಿಹರೇಶ್ವರ ದೇವಸ್ಥಾನವನ್ನು ತಪ್ಪಿಸಬೇಡಿ. ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ ಪೋಲಾಳ್ವ ದಂಡನಾಥ 1224ರಲ್ಲಿ ಕಟ್ಟಿಸಿದ್ದು. ಅರ್ಧ ಶಿವ, ಅರ್ಧ ವಿಷ್ಣುವಿನ ಮೂರ್ತಿ. ತೆರೆದ ಮಂಟಪದ ಕಂಬಗಳನ್ನು ನೋಡಿ, ಅಷ್ಟು ನುಣುಪಾಗಿ ದುಂಡಗೆ ಕಡೆದ ಕಲ್ಲು ಲೇತ್ ಊರಿನಲ್ಲೇ ಇದೆ ಎನ್ನುವುದು ನನಗೆ ಯಾವಾಗಲೂ ಖುಷಿ ಕೊಡುತ್ತದೆ.

ಯಾವ ತಿಂಗಳು ಒಳ್ಳೆಯದು?

ಸೆಪ್ಟೆಂಬರಿನಿಂದ ಡಿಸೆಂಬರ್. ಶೇಂಗಾ ಕೀಳುವುದು, ಈರುಳ್ಳಿ ಕೊಯ್ಯುವುದು, ಮೆಕ್ಕೆಜೋಳ ಮುರಿಯುವುದು ಎಲ್ಲ ಇದೇ ಹೊತ್ತಿನಲ್ಲಿ. ಸುಗ್ಗಿ ಕಾಲಕ್ಕೆ ಸರ್ವಿಸ್ ರಸ್ತೆಯ ಉದ್ದಕ್ಕೂ ಹರವಿದ ಹಳದಿ ಕಾಳು ನೋಡಲು ಚೆಂದ. ಆದರೆ ರಸ್ತೆಯಲ್ಲಿ ಒಣಗಿಸುವುದು ಬೈಕಿನವರ ಜೀವಕ್ಕೆ ಅಪಾಯ, ಇದನ್ನು ರೈತರಿಗೂ ಹೇಳಬೇಕು, ಸಾಕಷ್ಟು ಕಣ ಕಟ್ಟಿಸಿಕೊಡಿ ಅಂತ ಸರ್ಕಾರಕ್ಕೂ ಹೇಳಬೇಕು. ಏಪ್ರಿಲ್, ಮೇ ಬೇಡ.

ವಯಸ್ಸಾದವರು, ಚಿಕ್ಕ ಮಕ್ಕಳು ಇದ್ದಾರೆ. ಕಷ್ಟವಾಗುತ್ತದಾ?

ಬಸ್ಸಿನಲ್ಲಿ ಕಷ್ಟವಿಲ್ಲ. ಒಂದೊಂದು ತುಂಡು ಪಯಣವೂ ಚಿಕ್ಕದು. ಶೌಚಾಲಯ ಮೂರೂ ದೊಡ್ಡ ನಿಲ್ದಾಣಗಳಲ್ಲಿ ಇದೆ, ಅಲ್ಲಿಯೇ ಮುಗಿಸಿಕೊಳ್ಳಿ. ಕೋಟೆಯ ಮೆಟ್ಟಿಲು ಮಂಡಿ ನೋವಿನವರಿಗೆ ಆಗದು. ಅವರು ಕೆಳಗಿನ ಬಾಗಿಲುಗಳವರೆಗೆ ಹೋಗಿ ಬಂದರೂ ಕೋಟೆ ಕಂಡಂತೆಯೇ.

ಇನ್ನೊಂದು ದಿನ ಸಿಕ್ಕರೆ ಎಲ್ಲಿಗೆ ಹೋಗಬಹುದು?

ಚಳ್ಳಕೆರೆಯಿಂದ ಉತ್ತರಕ್ಕೆ ಮೊಳಕಾಲ್ಮೂರು. ಕೈಮಗ್ಗದ ರೇಷ್ಮೆ ಸೀರೆಗೆ ಹೆಸರಾದ ಊರು, ಆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ದಕ್ಷಿಣಕ್ಕೆ ಹೋಗುವುದಾದರೆ ಹಿರಿಯೂರಿನ ವಾಣಿವಿಲಾಸ ಸಾಗರ, ನಮ್ಮ ಕಡೆ ಮಾರಿಕಣಿವೆ. ವೇದಾವತಿಗೆ 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಆ ವರ್ಷ ಕೋಡಿ ನೋಡಲು ಇಡೀ ಜಿಲ್ಲೆಯೇ ಬಸ್ಸು ಹತ್ತಿತ್ತು.

ಹಿಂತಿರುಗುವುದು ಹೇಗೆ?

ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗುವವರು ದಾವಣಗೆರೆ ಅಥವಾ ಹರಿಹರದಲ್ಲಿ ರೈಲು ಹಿಡಿಯಬಹುದು. ದುರ್ಗ, ಚಳ್ಳಕೆರೆ ಕಡೆ ವಾಪಸ್ ಬರುವವರು ದಾವಣಗೆರೆಗೆ ಬಂದು ಬಸ್ಸು ಬದಲಿಸಿ. ಪಿ.ಬಿ. (ಪುಣೆ–ಬೆಂಗಳೂರು) ರಸ್ತೆಯ ಸರ್ಕಾರಿ ನಿಲ್ದಾಣದಲ್ಲಿ ದುರ್ಗದ ಬಸ್ಸು ರಾತ್ರಿಯೂ ಸಿಗುತ್ತದೆ, ದೂರದ ಊರಿನ ಬಸ್ಸುಗಳು ಹಾದುಹೋಗುತ್ತಲೇ ಇರುತ್ತವೆ. ಹತ್ತುವಾಗ ‘ದುರ್ಗದ ಒಳಗೆ ಹೋಗುತ್ತಾ, ಬೈಪಾಸಾ?’ ಅಂತ ಕೇಳಿಕೊಳ್ಳಿ. ದುರ್ಗದಿಂದ ಚಳ್ಳಕೆರೆಗೆ ರಾತ್ರಿ ಹೊತ್ತು ಬಸ್ಸು ಕಡಿಮೆ. ಹಾಗಾಗಿ ಚಳ್ಳಕೆರೆಯವರು ಕತ್ತಲಾಗುವ ಮೊದಲೇ ದಾವಣಗೆರೆ ಬಿಡಿ.